ಮಕ್ಕಳ ಪ್ರವಾಸ ಶಿಬಿರಕ್ಕೆ ಗುಂಪಿನ ಅಕ್ಕ, ಅಣ್ಣ ಆಗಿ ಹೋಗುವವರಿಗೆ

ಬೇಸಿಗೆ ರಜೆ ಬಂತು ಅಂದ್ರೆ ಹೆಚ್ಚಿನ ಮಕ್ಕಳಿಗೆ ಅಜ್ಜಿ ಮನೆ ಇರುತ್ತದೆ, ಮಾವನ ಊರಿರುತ್ತದೆ. ಹೋಗೋಕೆ ಎಲ್ಲೂ ಇಲ್ಲದ ಮಕ್ಕಳೂ ಇದ್ದಾರೆ. ಬಾಲಮಂದಿರದಲ್ಲಿ ಇರುವವರು, ಕಟ್ಟಡ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ತಗಡಿನ ಶೆಡ್ಡಿನಲ್ಲಿ ಉಳಿದವರ ಮಕ್ಕಳು, ಅಪ್ಪ ಅಮ್ಮ ಇಬ್ಬರೂ ಗಾರ್ಮೆಂಟ್ಸ್‌ಗೆ ಹೋದ ಮೇಲೆ ಇಡೀ ದಿನ ಒಂದು ಕೋಣೆಯಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಂಡು ಕೂರುವವರು. ಇಂಥ ಮಕ್ಕಳನ್ನು ಕೆಲವು ಸ್ವಯಂಸೇವಾ ಸಂಸ್ಥೆಗಳು ಏಪ್ರಿಲ್–ಮೇನಲ್ಲೋ ದಸರಾ ರಜೆಯಲ್ಲೋ ನಾಲ್ಕೈದು ದಿನ ಕಡಲ ಕಡೆಗೆ, ಮಲೆನಾಡಿನ ಕಡೆಗೆ ಕರೆದುಕೊಂಡು ಹೋಗುತ್ತವೆ. ಖರ್ಚೆಲ್ಲಾ ದಾನಿಗಳದ್ದು. ಮಕ್ಕಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬರನ್ನೋ ಇಬ್ಬರನ್ನೋ ಹಾಕುತ್ತಾರೆ. ಸಂಬಳ ಇಲ್ಲ. ಮಕ್ಕಳು ನಿಮ್ಮನ್ನು ಅಕ್ಕ ಅಂತಲೋ ಅಣ್ಣ ಅಂತಲೋ ಕರೆಯುತ್ತಾರೆ.

ಈ ಕೆಲಸಕ್ಕೆ ಹೋಗಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ರಜೆ ಮಕ್ಕಳದ್ದು, ನಿಮ್ಮದಲ್ಲ. ಅವರು ಮೈಮರೆತು ಆಡಬೇಕು ಅಂದ್ರೆ ಯಾರೋ ಒಬ್ಬರು ಮೈಮರೆಯದೆ ಇರಬೇಕು, ಆ ಒಬ್ಬರು ನೀವು. ಹಾಡು ಬರಬೇಕಾಗಿಲ್ಲ, ನಾಟಕ ಬರಬೇಕಾಗಿಲ್ಲ. ತಲೆ ಎಣಿಸೋಕೆ ಬೇಜಾರು ಪಡದವರು, ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಮುಖ ಸಿಂಡರಿಸದವರು ಬೇಕು.

ಸೇರೋ ಮುಂಚೆ

ಎಲ್ಲಿ ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಡಿಯಲ್ಲಿ ಬರುತ್ತದೆ, ಯಾವ ಸಂಸ್ಥೆಗಳು ಮಕ್ಕಳ ಜೊತೆ ಸರಿಯಾಗಿ ಕೆಲಸ ಮಾಡುತ್ತಿವೆ ಅಂತ ಅಲ್ಲಿಯವರಿಗೆ ಗೊತ್ತಿರುತ್ತದೆ. ಮಕ್ಕಳ ಜೊತೆ ಇದ್ದು ಅಭ್ಯಾಸವೇ ಇಲ್ಲ ಅಂದ್ರೆ ನೇರವಾಗಿ ವಸತಿ ಶಿಬಿರಕ್ಕೆ ಹಾರಬೇಡಿ. ಮೊದಲು ಬೆಳಗ್ಗೆ ಹೋಗಿ ಸಂಜೆ ಬರುವ ಶಿಬಿರದಲ್ಲಿ ಒಂದು ವಾರ ಕೈಜೋಡಿಸಿ. ಬೆಂಗಳೂರಿನವರಾದರೆ ಕಬ್ಬನ್ ಪಾರ್ಕಿನ ಬಾಲಭವನ ಇದೆ, ಹಳ್ಳಿ ಕಡೆಯವರಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಬೇಸಿಗೆ ಶಿಬಿರ ಇದೆಯಾ ಅಂತ ಕೇಳಿ. ಹತ್ತು ಮಕ್ಕಳು ಒಟ್ಟಿಗೆ ಹತ್ತು ಕಡೆ ಓಡಿದಾಗ ನಿಮಗೆ ಏನಾಗುತ್ತದೆ ಅಂತ ಅಲ್ಲೇ ತಿಳಿಯುತ್ತದೆ.

ಸಂಸ್ಥೆ ನಿಮ್ಮನ್ನು ಪರೀಕ್ಷಿಸುವ ಹಾಗೆ ನೀವೂ ಸಂಸ್ಥೆಯನ್ನು ಪರೀಕ್ಷಿಸಿ. ಪೊಲೀಸ್ ಪರಿಶೀಲನಾ ಪತ್ರ ಕೇಳುತ್ತಾರಾ? ಕೇಳಲೇಬೇಕು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ನನ್ನ ಮೇಲೆ ಅನುಮಾನವಾ ಅಂತ ಬೇಸರ ಮಾಡಿಕೊಳ್ಳಬೇಡಿ, ಇಂಥ ಕಡೆ ಕೆಟ್ಟ ಉದ್ದೇಶದವರೂ ನುಸುಳೋಕೆ ನೋಡುತ್ತಾರೆ. ಯಾರನ್ನೂ ಏನೂ ಕೇಳದೆ ನಾಳೆಯೇ ಬಸ್ಸು ಹತ್ತಿ ಅನ್ನುವ ಕಡೆಗೆ ಹೋಗಲೇಬೇಡಿ. ಮಕ್ಕಳ ರಕ್ಷಣಾ ನೀತಿ ಬರವಣಿಗೆಯಲ್ಲಿ ಇದೆಯಾ, ಬಾಲಮಂದಿರದ ಮಕ್ಕಳಾದರೆ ಹೊರಗೆ ಕರೆದೊಯ್ಯಲು ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಆಗಿದೆಯಾ, ಮನೆಯ ಮಕ್ಕಳಾದರೆ ಅಪ್ಪ ಅಮ್ಮನ ಸಹಿ ಇದೆಯಾ, ಹೆಣ್ಣುಮಕ್ಕಳ ಗುಂಪಿಗೆ ಹೆಂಗಸರು ಇದ್ದಾರಾ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದು, ಇಷ್ಟನ್ನೂ ಬಾಯಿಬಿಟ್ಟು ಕೇಳಿ. ಒಳ್ಳೆ ಸಂಸ್ಥೆಯವರಿಗೆ ಇಂಥ ಪ್ರಶ್ನೆ ಕೇಳುವವರನ್ನು ಕಂಡರೆ ಖುಷಿ.

ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು ಬೇಕು ಅನ್ನುವುದು ನನ್ನ ಲೆಕ್ಕ. ಒಬ್ಬರು ಜ್ವರ ಬಂದ ಮಗುವಿನ ಜೊತೆ ಹೋದರೂ ಉಳಿದವರ ಜೊತೆ ಇನ್ನೊಬ್ಬರು ಇರಬೇಕು ಅಲ್ವಾ? ಅದಕ್ಕೇ.

ಹೊರಡುವ ಮೊದಲು ನಿಮ್ಮ ಗುಂಪಿನ ಪಟ್ಟಿ ಕೈಗೆ ಬರುತ್ತದೆ. ಅದನ್ನು ಬಸ್ಸಿನಲ್ಲಿ ಓದಿದರಾಯಿತು ಅಂತ ಬಿಡಬೇಡಿ. ಹೆಸರು, ವಯಸ್ಸು, ಮನೆಮಾತು, ತಿನ್ನಬಾರದ್ದು, ದಿನಾ ತೆಗೆದುಕೊಳ್ಳುವ ಮಾತ್ರೆ, ಉಬ್ಬಸ ಇದೆಯಾ, ಫಿಟ್ಸ್ ಇದೆಯಾ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರಾ, ಎಲ್ಲ ಒಂದು ಸಣ್ಣ ಪಾಕೆಟ್ ಪುಸ್ತಕಕ್ಕೆ ಬರೆದುಕೊಳ್ಳಿ. ಮೊಬೈಲಿನಲ್ಲಿ ಇಟ್ಟರೆ ಚಾರ್ಜು ಹೋದಾಗ ಪಟ್ಟಿಯೂ ಹೋಯಿತು. ಮನೆಮಾತು ಅಂದೆನಲ್ಲ, ಅದು ಮುಖ್ಯ. ಕೂಲಿಗೆ ಬಂದವರ ಮಕ್ಕಳಲ್ಲಿ ತೆಲುಗು, ಲಂಬಾಣಿ, ದಖನಿ ಉರ್ದು, ಹಿಂದಿ ಎಲ್ಲ ಇರುತ್ತದೆ. ಹಗಲು ಚೆನ್ನಾಗಿ ಕನ್ನಡ ಮಾತಾಡುವ ಮಗು ಹೊಟ್ಟೆನೋವು ಬಂದಾಗ ಮನೆಮಾತಿನಲ್ಲೇ ಅಳುತ್ತದೆ. ಹೊಟ್ಟೆ, ತಲೆ, ನೋವು, ನೀರು, ಉಚ್ಚೆ, ಭಯ, ಇಷ್ಟು ಮಾತು ಆ ಭಾಷೆಯಲ್ಲಿ ಕಲಿತು ಹೋಗಿ.

ಬಸ್ಸು

ಪ್ರಯಾಣದ ದಿನವೇ ಎಷ್ಟೋ ಶಿಬಿರಗಳು ಕೆಡುತ್ತವೆ. ಬಯಲುಸೀಮೆಯ ಮಕ್ಕಳಿಗೆ ಘಟ್ಟದ ತಿರುವು ಹೊಸದು. ಶಿರಾಡಿ ಇಳಿಯುವಾಗ ಒಬ್ಬರು ವಾಂತಿ ಶುರು ಮಾಡಿದರೆ ವಾಸನೆಗೆ ಇನ್ನೂ ನಾಲ್ವರು ಮಾಡಿಕೊಳ್ಳುತ್ತಾರೆ. ಬೆಳಗ್ಗೆ ಪೂರಿ, ವಡೆ ಕೊಡಿಸಬೇಡಿ. ಎರಡು ಇಡ್ಲಿ ಸಾಕು. ವಾಂತಿ ಆಗುವ ಮಕ್ಕಳನ್ನು ಮುಂದಿನ ಸೀಟಿಗೆ ಕೂರಿಸಿ, ಕವರ್, ಹಳೆ ಪೇಪರ್, ಒಂದು ಬಾಟಲಿ ನೀರು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಬಟ್ಟೆ ಹಾಳಾದ ಮಗುವಿಗೆ ಎಲ್ಲರ ಮುಂದೆ ಬಟ್ಟೆ ಬಿಚ್ಚಿಸಬೇಡಿ, ಬಸ್ಸು ನಿಲ್ಲಿಸಿ, ಮರೆ ಮಾಡಿಕೊಡಿ. ರಾತ್ರಿ ಪ್ರಯಾಣ ಇಟ್ಟಿದ್ದರೆ ಹಗಲಿಗೆ ಬದಲಾಯಿಸಿ ಅಂತ ಸಂಸ್ಥೆಯವರಿಗೆ ಹೇಳಿ. ಒಂದು ದಿನ ಕಡಿಮೆ ಆದರೂ ಪರವಾಗಿಲ್ಲ.

ಎಣಿಕೆಯನ್ನು ಇಲ್ಲೇ ರೂಢಿ ಮಾಡಿ. ನೀವು ತಲೆ ಎಣಿಸುವುದರ ಜೊತೆಗೆ ಮಕ್ಕಳನ್ನು ಜೋಡಿ ಜೋಡಿ ಮಾಡಿ, ಪ್ರತಿ ಜೋಡಿಗೂ ಒಂದು ಹೆಸರು ಕೊಡಿ. ಹುಲಿ, ನವಿಲು, ಕಾಗೆ, ಏನಾದರೂ ಆಗಲಿ, ಅವರೇ ಆರಿಸಲಿ. ಹುಲಿ ಅಂದ ತಕ್ಷಣ ಇಬ್ಬರೂ ಕೈ ಎತ್ತಬೇಕು. ಒಂದೇ ಕೈ ಎದ್ದರೆ ಅಲ್ಲೇ ಗೊತ್ತಾಗುತ್ತದೆ. ಬಸ್ಸು ಹತ್ತಿದಾಗ, ಇಳಿದಾಗ, ಹೋಟೆಲಿನಿಂದ ಹೊರಟಾಗ, ಶೌಚಾಲಯಕ್ಕೆ ಹೋಗಿ ಬಂದಾಗ, ಪ್ರತಿ ಸಲ. ಬಸ್ಸು ಹೊರಡಲಿ ಅಂತ ಡ್ರೈವರಿಗೆ ಹೇಳುವವರು ಒಬ್ಬರೇ ಇರಲಿ, ಎಲ್ಲ ಗುಂಪಿನ ಎಣಿಕೆ ಕೇಳಿದ ಮೇಲೆ ಮಾತ್ರ ಹೇಳಲಿ.

ಮೊದಲ ಸಂಜೆ

ಸೂರ್ಯ ಮುಳುಗುವವರೆಗೆ ಎಲ್ಲ ಚೆನ್ನಾಗಿರುತ್ತದೆ. ಮುಸ್ಸಂಜೆ ಆಯಿತು ಅಂದ್ರೆ ಮಕ್ಕಳ ಮುಖ ಬದಲಾಗುತ್ತದೆ. ಬಾಲಮಂದಿರದ ಮಕ್ಕಳಿಗೂ ಹಾಗೇ. ಅವರಿಗೆ ಅದೇ ಮನೆ, ಅಲ್ಲಿಯ ಆಯಾನೇ ನೆನಪಾಗುವುದು. ಈ ಹೊತ್ತನ್ನು ಖಾಲಿ ಬಿಡಬೇಡಿ. ಭಾಷಣ, ಪರಿಚಯ ಕಾರ್ಯಕ್ರಮ ಅಂತೆಲ್ಲ ಇಡಬೇಡಿ. ಬೆಳಕಿರುವಾಗಲೇ ಸ್ನಾನದ ಮನೆ ಎಲ್ಲಿದೆ, ಲೈಟಿನ ಸ್ವಿಚ್ ಎಲ್ಲಿದೆ, ರಾತ್ರಿ ನಿಮ್ಮನ್ನು ಎಬ್ಬಿಸಬೇಕಾದರೆ ಯಾವ ಬಾಗಿಲು ಬಡಿಯಬೇಕು ಅಂತ ಕೈ ಹಿಡಿದು ತೋರಿಸಿ. ಆಮೇಲೆ ಅಂಗಳದಲ್ಲಿ ಕೆರೆ-ದಡ, ಕಣ್ಣಾಮುಚ್ಚಾಲೆ. ಊಟ ಬೇಗ. ಮಲಗುವಾಗ ಒಂದು ಕಥೆ. ನಾಳೆ ಏನೇನು ಮಾಡುತ್ತೇವೆ ಅಂತ ಬೆಳಗ್ಗೆಯಿಂದ ರಾತ್ರಿವರೆಗೆ ಕ್ರಮವಾಗಿ ಹೇಳಿ. ಜೀವನದಲ್ಲಿ ಏನೂ ಹೇಳಿದ ಹಾಗೆ ನಡೆಯದ ಮಕ್ಕಳು ಇವರಲ್ಲಿ ಜಾಸ್ತಿ. ನೀವು ಹೇಳಿದ್ದು ಹೇಳಿದ ಹೊತ್ತಿಗೆ ಆಯಿತು ಅಂದ್ರೆ ಎರಡನೇ ದಿನಕ್ಕೇ ನಿಮ್ಮನ್ನು ನಂಬುತ್ತಾರೆ. ಐಸ್‌ಕ್ರೀಂ ಅಂತ ಹೇಳಿದರೆ ಐಸ್‌ಕ್ರೀಂ ಕೊಡಿಸಲೇಬೇಕು, ಕೊಡಿಸೋಕೆ ಆಗದಿದ್ದರೆ ಬಾಯಿ ಬಿಡಬೇಡಿ.

ಹಾಸಿಗೆ ಒದ್ದೆಯಾಗುವುದು ಸಾಮಾನ್ಯ. ಹೊಸ ಜಾಗ, ಸುಸ್ತು, ಭಯ, ಎಲ್ಲ ಸೇರಿ ಹತ್ತು ಹನ್ನೊಂದು ವರ್ಷದವರಿಗೂ ಆಗುತ್ತದೆ. ಮಲಗುವ ಮುಂಚೆ ಒಂದು ಸಲ, ನೀವು ಮಲಗುವಾಗ ಇನ್ನೊಂದು ಸಲ ಶೌಚಾಲಯಕ್ಕೆ ಕರೆದುಕೊಂಡು ಹೋಗಿ. ನೀರು ಕುಡಿಯಬೇಡ ಅಂತ ಮಾತ್ರ ಹೇಳಬೇಡಿ, ಸೆಕೆಗಾಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಂದು ಸುತ್ತು ನೋಡಿ. ಒದ್ದೆಯಾಗಿದ್ದರೆ ಮಗುವನ್ನು ಮೆಲ್ಲಗೆ ಎಬ್ಬಿಸಿ, ಒಣಗಿದ ಚಡ್ಡಿ ಕೊಟ್ಟು ಬಾತ್‌ರೂಮಿಗೆ ಕಳಿಸಿ, ಹಾಸಿದ ಬಟ್ಟೆ ಸುತ್ತಿ ಹೊರಗೆ ಹಾಕಿ. ಒಂದು ಮಾತೂ ಬೇಡ, ಸಮಾಧಾನದ ಮಾತೂ ಬೇಡ. ಆರು ಗಂಟೆಗೆ ಉಳಿದವರು ಏಳುವ ಹೊತ್ತಿಗೆ ಏನೂ ನಡೆದೇ ಇಲ್ಲ ಅನ್ನುವ ಹಾಗಿರಬೇಕು. ನಾಲ್ಕೈದು ದಿನದ ಶಿಬಿರದಲ್ಲಿ ನೀವು ಒಂದು ಮಗುವಿಗೆ ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. ಹೆಚ್ಚುವರಿ ಬೆಡ್‌ಶೀಟು ಎಷ್ಟು ತಂದಿದ್ದಾರೆ ಅಂತ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ.

ಹೆಣ್ಣುಮಕ್ಕಳ ಗುಂಪಿನಲ್ಲಿ ಯಾರಿಗಾದರೂ ಮೊದಲ ಮುಟ್ಟು ಶಿಬಿರದಲ್ಲೇ ಆಗಬಹುದು. ಪ್ಯಾಡು, ಬಿಡಿ ಬಟ್ಟೆ ಅಕ್ಕನ ಬ್ಯಾಗಿನಲ್ಲಿ ಇರಲಿ. ಆ ಹುಡುಗಿಗೆ ಬೇಕಾಗಿರುವುದು ಇದು ಕಾಯಿಲೆ ಅಲ್ಲ ಅನ್ನುವ ನಾಲ್ಕು ಸರಳ ಮಾತು, ಬಿಸಿನೀರು, ಆಟ ಆಡೋಕೆ ಇಷ್ಟವಿದ್ದರೆ ಆಟ.

ಊಟ

ಕರಾವಳಿಗೆ ಹೋದಾಗ ಅಡುಗೆಯವರು ಕುಚ್ಚಲಕ್ಕಿ ಅನ್ನ ಬಡಿಸಿದರೆ ಕೋಲಾರ, ಮಂಡ್ಯದ ಮಕ್ಕಳು ಒಂದು ತುತ್ತು ಬಾಯಿಗೆ ಇಟ್ಟು ತಟ್ಟೆ ಸರಿಸುತ್ತಾರೆ. ಬೆಳ್ತಿಗೆ ಅನ್ನ ಮಾಡಿ ಅಂತ ಮೊದಲೇ ಹೇಳಿಬಿಡಿ. ಉತ್ತರ ಕರ್ನಾಟಕದ ಮಕ್ಕಳಾದರೆ ರೊಟ್ಟಿ ಇಲ್ಲದಿದ್ದರೂ ಚಪಾತಿ ಇರಲಿ. ಹೊಸ ರುಚಿ ತೋರಿಸಬೇಕು ಅಂತ ಇದ್ದರೆ ಅದನ್ನು ತಿಂಡಿಯಲ್ಲಿ ತೋರಿಸಿ, ನೀರುದೋಸೆಗೆ ಯಾವ ಮಗುವೂ ಬೇಡ ಅನ್ನುವುದಿಲ್ಲ.

ಕೆಲವು ಮಕ್ಕಳು ತುಂಬಾ ಬೇಗ ತಿನ್ನುತ್ತಾರೆ, ಕೆಲವರು ಚಪಾತಿಯನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ, ದಿಂಬಿನ ಕೆಳಗೆ ಬಿಸ್ಕತ್ತು ಇಟ್ಟುಕೊಳ್ಳುತ್ತಾರೆ. ಹಸಿವು ಕಂಡ ಮಕ್ಕಳು ಹೀಗೆ ಮಾಡುತ್ತಾರೆ. ಕಳ್ಳತನ ಅಂತ ಬೈಯಬೇಡಿ, ಬ್ಯಾಗ್ ತಪಾಸಣೆ ಮಾಡಬೇಡಿ. ಬಾಳೆಹಣ್ಣಿನ ಬುಟ್ಟಿಯೊಂದನ್ನು ಕೈಗೆ ಸಿಗುವ ಕಡೆ ಇಟ್ಟು, ಯಾವಾಗ ಬೇಕಾದರೂ ಕೇಳದೆ ತಗೊಳ್ಳಬಹುದು ಅಂತ ಹೇಳಿ. ಮೊದಲ ದಿನ ಬುಟ್ಟಿ ಬೇಗ ಖಾಲಿಯಾಗುತ್ತದೆ. ಮತ್ತೆ ತುಂಬಿಸಿ. ಆಮೇಲಾಮೇಲೆ ಹಣ್ಣು ಉಳಿಯೋಕೆ ಶುರುವಾಗುತ್ತದೆ.

ಶಿಕ್ಷೆ ಅಂತ ಊಟ ತಪ್ಪಿಸುವುದು, ತಿಂಡಿ ಕೊಡದೇ ಇರುವುದು ಎಂದಿಗೂ ಬೇಡ. ಕೈ ಎತ್ತುವುದಂತೂ ಕನಸಲ್ಲೂ ಬೇಡ, ಕಿವಿ ಹಿಂಡುವುದೂ ಹೊಡೆತವೇ. ಇಬ್ಬರು ಜಗಳ ಆಡಿದರೆ ಬೇರೆ ಬೇರೆ ಕೂರಿಸಿ, ಇಬ್ಬರೂ ತಣ್ಣಗಾದ ಮೇಲೆ ಮಾತಾಡಿಸಿ. ಯಾರು ಮೊದಲು ಶುರು ಮಾಡಿದ್ದು ಅಂತ ವಿಚಾರಣೆಗೆ ಇಳಿದರೆ ಸಂಜೆವರೆಗೂ ಮುಗಿಯುವುದಿಲ್ಲ.

ನೀರಿನ ಹತ್ತಿರ

ಇದನ್ನು ದಯವಿಟ್ಟು ಎರಡು ಸಲ ಓದಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಹೋದರು. ಮಲ್ಪೆ ಆಗಲಿ, ಕಾಪು ಆಗಲಿ, ಗೋಕರ್ಣ ಆಗಲಿ, ಮೊದಲ ಸಲ ಕಡಲು ನೋಡಿದ ಮಗು ಬಸ್ಸಿನಿಂದ ಇಳಿದ ತಕ್ಷಣ ಓಡುತ್ತದೆ. ಓಡದೇ ಇರೋಕೆ ಸಾಧ್ಯವೇ ಇಲ್ಲ. ಹಾಗಾಗಿ ಬಸ್ಸಿನ ಬಾಗಿಲು ತೆರೆಯುವ ಮುಂಚೆಯೇ ದೊಡ್ಡವರು ಇಳಿದು ಮರಳಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಂತಿರಬೇಕು.

ಜೀವರಕ್ಷಕರು ಇರುವ ಜಾಗಕ್ಕೇ ಹೋಗಿ. ಹೋದ ಕೂಡಲೇ ಅವರನ್ನು ಮಾತಾಡಿಸಿ, ಇವತ್ತು ಎಲ್ಲಿ ಸೆಳೆತ ಇದೆ ಅಂತ ಕೇಳಿ, ಅವರು ಬೇಡ ಅಂದ್ರೆ ಬೇಡ. ಅಲೆ ಒಡೆಯದೆ ನೀರು ಸಮಾಧಾನವಾಗಿ ಕಾಣುವ ಜಾಗವೇ ಒಳಕ್ಕೆ ಎಳೆಯುವ ಜಾಗ ಆಗಿರಬಹುದು, ಇದು ಬಯಲುಸೀಮೆಯವರಿಗೆ ಗೊತ್ತಿರುವುದಿಲ್ಲ. ಬಾವಿಯಲ್ಲಿ, ಕೆರೆಯಲ್ಲಿ ಈಜಿ ಗೊತ್ತು ಅನ್ನುವ ಹುಡುಗರ ಮೇಲೆ ಇನ್ನೂ ಜಾಸ್ತಿ ಕಣ್ಣಿಡಿ. ಒಂದು ಸಲಕ್ಕೆ ಒಂದೇ ಗುಂಪು ನೀರಿಗೆ, ಮೊಣಕಾಲಿನವರೆಗೆ ಮಾತ್ರ. ಒಬ್ಬರು ಮಕ್ಕಳಿಗಿಂತ ಆಚೆ, ಕಡಲಿನ ಕಡೆ, ದಡಕ್ಕೆ ಮುಖ ಮಾಡಿ ನಿಲ್ಲಬೇಕು. ಇನ್ನೊಬ್ಬರು ಒಣ ಮರಳಿನಲ್ಲಿ ನಿಂತು ಬರೀ ಎಣಿಸಬೇಕು. ಎಣಿಸುವವರ ಮೊಬೈಲು ಬ್ಯಾಗಿನಲ್ಲಿರಲಿ. ಐದೈದು ನಿಮಿಷಕ್ಕೆ ವಿಷಲ್, ಜೋಡಿಗಳು ಕೈ ಎತ್ತಬೇಕು. ಇಪ್ಪತ್ತು ನಿಮಿಷ ಆದ ಮೇಲೆ ಎಲ್ಲರೂ ಹೊರಗೆ, ಮರಳಿನಲ್ಲಿ ಮನೆ ಕಟ್ಟುವ ಆಟ. ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಮಳೆಗಾಲದಲ್ಲಿ, ಕತ್ತಲಾದ ಮೇಲೆ ನೀರಿಗೆ ಇಳಿಸುವ ಮಾತೇ ಇಲ್ಲ. ಮಲೆನಾಡಿನ ಜಲಪಾತ, ಹೊಳೆಯ ಹೊಂಡಗಳಿಗೆ ಮಕ್ಕಳನ್ನು ಇಳಿಸುವುದು ನನಗೆ ಒಪ್ಪಿಗೆ ಇಲ್ಲ. ಬಂಡೆ ಜಾರುತ್ತದೆ, ಆಳ ಗೊತ್ತಾಗುವುದಿಲ್ಲ, ನೋಡಿಕೊಳ್ಳೋಕೆ ಜೀವರಕ್ಷಕರೂ ಇರುವುದಿಲ್ಲ.

ಕಾಡಿನ ಕಡೆ ಶಿಬಿರ ಆದರೆ ಇನ್ನೊಂದು ವಿಷಯ. ಶಿವಮೊಗ್ಗ, ಉತ್ತರ ಕನ್ನಡ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು, ಉಣುಗಿನಿಂದ ಬರುತ್ತದೆ, ನಾವು ಶಿಬಿರ ಮಾಡುವ ಬೇಸಿಗೆಯಲ್ಲೇ ಜಾಸ್ತಿ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಈ ಸಲ ಹತ್ತಿರದಲ್ಲಿ ಮಂಗ ಸತ್ತ ವರದಿ ಇದೆಯಾ ಅಂತ ಕೇಳಿ. ಇದ್ದರೆ ಕಾಡಿನೊಳಗೆ ಹೋಗಬೇಡಿ.

ಹುಷಾರಿಲ್ಲದಾಗ

ಬೇಸಿಗೆಯಲ್ಲಿ ಜಾಸ್ತಿ ಬರುವುದು ಭೇದಿ, ವಾಂತಿ, ಬಿಸಿಲಿನ ಸುಸ್ತು. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಒಟ್ಟಿಗೇ ಹಾಕಿ, ಅರ್ಧ ಗ್ಲಾಸಿಗೆ ಚಿಟಿಕೆ ಹಾಕುವುದು ಸರಿಯಲ್ಲ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ಇಡುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಮಗುವನ್ನು ನಡೆಸಬೇಡಿ, ಎತ್ತಿಕೊಂಡು ಸೀದಾ ಆಸ್ಪತ್ರೆಗೆ. ಪಟ್ಟಿಯಲ್ಲಿ ಬರೆದಿರುವ ಮಾತ್ರೆ ಬಿಟ್ಟು ಬೇರೆ ಯಾವ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಕೊಟ್ಟ ಮಾತ್ರೆ, ಕೊಟ್ಟ ಹೊತ್ತು, ಆಗಿಂದಾಗಲೇ ಪುಸ್ತಕದಲ್ಲಿ ಬರೆಯಿರಿ.

ಮಕ್ಕಳು ಹೇಳುವ ಮಾತು, ನೀವು ಹೇಳಬಾರದ ಮಾತು

ನಿಮ್ಮ ಅಪ್ಪ ಏನು ಮಾಡುತ್ತಾರೆ, ಅಮ್ಮ ಎಲ್ಲಿದ್ದಾರೆ, ಇದು ನಮ್ಮ ಬಾಯಿಗೆ ತಾನಾಗೇ ಬರುವ ಪ್ರಶ್ನೆ. ಇಲ್ಲಿ ಅದನ್ನು ಕೇಳಬೇಡಿ. ಯಾವ ಆಟ ಇಷ್ಟ, ಯಾವ ಪಲ್ಯ ಇಷ್ಟವಿಲ್ಲ, ಗಾಳಿಪಟ ಬಿಡೋಕೆ ಬರುತ್ತಾ, ಇಂಥದ್ದು ಕೇಳಿ. ಪಾಪ ಅನ್ನುವ ಮಾತು ಮಕ್ಕಳ ಕಿವಿಗೆ ಬೀಳಬಾರದು. ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಬಾಗಿಲು ತೆರೆದಿರಲಿ, ಇನ್ನೊಬ್ಬ ದೊಡ್ಡವರ ಕಣ್ಣಿಗೆ ಕಾಣುವ ಹಾಗಿರಲಿ. ಮಗು ಬಂದು ತೋಳು ಹಿಡಿದುಕೊಂಡರೆ ತಳ್ಳಬೇಡಿ, ಎಲ್ಲರೂ ಇರುವ ಕಡೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೆಲವೊಮ್ಮೆ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಒಂದು ಮಗು ಬಂದು ಏನೋ ಹೇಳೋಕೆ ಶುರು ಮಾಡುತ್ತದೆ. ಯಾರಿಗೂ ಹೇಳಬೇಡಿ ಅಕ್ಕ ಅನ್ನುತ್ತದೆ. ಆಣೆ ಹಾಕಬೇಡಿ. ನಿನಗೆ ಸಹಾಯ ಆಗುವವರಿಗೆ ಮಾತ್ರ ಹೇಳುತ್ತೇನೆ ಅನ್ನಿ. ಅದು ಹೇಳುವಷ್ಟನ್ನು ಕೇಳಿ. ಬಿಡಿಸಿ ಬಿಡಿಸಿ ಪ್ರಶ್ನೆ ಹಾಕಬೇಡಿ, ಮುಖದಲ್ಲಿ ಗಾಬರಿ ತೋರಿಸಬೇಡಿ, ನೀನು ಹೇಳಿದ್ದು ಒಳ್ಳೇದಾಯಿತು, ನಿನ್ನ ತಪ್ಪಿಲ್ಲ ಅಂತ ಹೇಳಿ. ಆಮೇಲೆ ಅದು ಯಾವ ಮಾತಿನಲ್ಲಿ ಹೇಳಿತೋ ಅದೇ ಮಾತಿನಲ್ಲಿ ಬರೆದಿಡಿ, ದಿನ, ಹೊತ್ತು ಹಾಕಿ. ಅದೇ ರಾತ್ರಿ ಶಿಬಿರದ ಮುಖ್ಯಸ್ಥರಿಗೆ ತಿಳಿಸಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ, ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಇದೆ. ಸಂಸ್ಥೆಯ ಹೆಸರು ಹಾಳಾಗುತ್ತದೆ, ಸುಮ್ನೆ ಬಿಡಿ ಅಂತ ಯಾರಾದರೂ ಅಂದರೂ ನೀವು ಸುಮ್ಮನಿರಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಫೋಟೊ ವಿಷಯ. ಬಾಲಮಂದಿರದ ಮಕ್ಕಳ ಮುಖ, ಹೆಸರು, ಶಾಲೆ ಯಾವುದನ್ನೂ ಎಲ್ಲೂ ಹಾಕುವಂತಿಲ್ಲ, 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅದು ಅಪರಾಧ. ಬೇರೆ ಮಕ್ಕಳದ್ದೂ ಸ್ಟೇಟಸ್ಸಿಗೆ ಹಾಕಬೇಡಿ ಅಂತ ನಾನು ಹೇಳುತ್ತೇನೆ. ಮಕ್ಕಳಿಗೆ ಫೋಟೊ ಬೇಕು ಅಂತ ಆಸೆ ಇರುತ್ತದೆ, ಸಂಸ್ಥೆಯ ಕ್ಯಾಮೆರಾದಲ್ಲಿ ತೆಗೆದು ಪ್ರಿಂಟ್ ಹಾಕಿಸಿ ಒಂದೊಂದು ಅವರ ಕೈಗೇ ಕೊಡಿಸಿ. ಎಷ್ಟೋ ಮಕ್ಕಳ ಹತ್ತಿರ ತಮ್ಮದೇ ಒಂದು ಫೋಟೊ ಇರುವುದಿಲ್ಲ.

ಕೊನೆಯ ದಿನ

ನಾಳೆ ವಾಪಸ್ಸು ಅನ್ನುವುದನ್ನು ಹಿಂದಿನ ದಿನ ಬೆಳಗ್ಗೆಯೇ ಹೇಳಿ. ಕೊನೆ ಗಳಿಗೆವರೆಗೆ ಮುಚ್ಚಿಟ್ಟರೆ ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೆ ಅಳುತ್ತಾರೆ. ಹಿಂದಿನ ದಿನ ಮಧ್ಯಾಹ್ನದಿಂದ ಕೆಲವರು ಸುಮ್ಮಸುಮ್ಮನೆ ಜಗಳ ತೆಗೆಯುತ್ತಾರೆ, ನಿಮ್ಮ ಜೊತೆ ಮಾತು ಬಿಡುತ್ತಾರೆ. ಬೀಳ್ಕೊಡುವ ಸಂಕಟ ಅವರಲ್ಲಿ ಹಾಗೆ ಹೊರಬರುತ್ತದೆ, ನೀವು ನೊಂದುಕೊಳ್ಳಬೇಡಿ.

ಮತ್ತೆ ಬರ್ತೀರಾ ಅಂತ ಕೇಳುತ್ತಾರೆ. ಬರ್ತೀನಿ ಅನ್ನೋಕೆ ನಾಲಿಗೆ ತುದಿಯಲ್ಲೇ ಇರುತ್ತದೆ. ಖಂಡಿತ ಆಗುತ್ತದೆ ಅಂತ ಇದ್ದರೆ ಮಾತ್ರ ಹೇಳಿ. ಇಲ್ಲದಿದ್ದರೆ, ಗೊತ್ತಿಲ್ಲ ಪುಟ್ಟ, ಆದರೆ ನಿನ್ನ ಜೊತೆ ಮರಳಿನ ಮನೆ ಕಟ್ಟಿದ್ದು ನನಗೆ ತುಂಬಾ ಖುಷಿಯಾಯಿತು ಅನ್ನಿ. ನಿಮ್ಮ ಫೋನ್ ನಂಬರು ಕೊಡಬೇಡಿ, ಒಬ್ಬರಿಗೆ ಮಾತ್ರ ಅಂತ ಉಡುಗೊರೆಯನ್ನೂ ಕೊಡಬೇಡಿ.

ಮಕ್ಕಳನ್ನು ಒಪ್ಪಿಸುವಾಗ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಒಪ್ಪಿಸಿ, ಸಹಿ ತೆಗೆದುಕೊಳ್ಳಿ. ಯಾರಿಗೆ ಜ್ವರ ಬಂದಿತ್ತು, ಯಾರು ಸರಿಯಾಗಿ ಊಟ ಮಾಡಲಿಲ್ಲ, ಯಾರು ಬೋರ್ಡು ಓದೋಕೆ ಕಣ್ಣು ಕಿರಿದು ಮಾಡುತ್ತಿದ್ದರು, ಅಂಥದ್ದನ್ನು ಬಾಲಮಂದಿರದವರಿಗೆ ಅಥವಾ ಮನೆಯವರಿಗೆ ಹೇಳಿ. ನಾಲ್ಕೈದು ದಿನ ಹಗಲು ರಾತ್ರಿ ಜೊತೆಗಿದ್ದವರಿಗೆ ಮಾತ್ರ ಕಾಣುವ ಸಂಗತಿಗಳು ಇವು, ಒಂದು ಕನ್ನಡಕದ ವಿಷಯ ಇದರಿಂದಲೇ ಹೊರಗೆ ಬರಬಹುದು. ಮನೆಗೆ ಬಂದ ಮೇಲೆ ಒಂದು ದಿನ ಕೆಲಸಕ್ಕೆ ರಜೆ ಇಟ್ಟುಕೊಳ್ಳಿ, ನಿದ್ದೆ ಬೇಕಾಗುತ್ತದೆ.

ಮುಂದಿನ ಬೇಸಿಗೆಗೆ ಹೋಗುವ ಮನಸ್ಸಿದ್ದರೆ ಜನವರಿಯಲ್ಲೇ ಸಂಸ್ಥೆಗಳನ್ನು ಸಂಪರ್ಕಿಸಿ. ಪೊಲೀಸ್ ಪರಿಶೀಲನೆ, ತರಬೇತಿ, ಮಕ್ಕಳನ್ನು ಒಂದೆರಡು ಸಲ ಮೊದಲೇ ನೋಡಿ ಬರುವುದು, ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಗಂಡಸರು ಕಡಿಮೆ ಬರುತ್ತಾರೆ, ಹುಡುಗರ ಗುಂಪುಗಳಿಗೆ ಅಣ್ಣಂದಿರು ಸಿಗದೆ ಕಷ್ಟಪಡುವ ಕಡೆಗಳಿವೆ. ಹಾಗಾಗಿ ಅಣ್ಣಂದಿರೇ, ನೀವೂ ಕೇಳಿ ನೋಡಿ.